ಸಾಕು ಆಮೆಯ ಮೂತ್ರಕೋಶದ ಕಲ್ಲು: ಯಾವ ದಾರಿಯಿಂದ ತೆಗೆಸುವುದು?

ಎಕ್ಸ್‌ರೇಯಲ್ಲಿ ಆಮೆಯ ಸೊಂಟದ ಎಲುಬಿನ ಮುಂದೆ ಬಿಳಿ ಉಂಡೆಯೊಂದು ಕಂಡಿದೆ. ಒಬ್ಬ ಡಾಕ್ಟರು ಹೊಟ್ಟೆಯ ಚಿಪ್ಪು ಕೊಯ್ಯಬೇಕು ಎಂದಿದ್ದಾರೆ. ಇನ್ನೊಬ್ಬರು ಹಿಂಗಾಲಿನ ಮುಂದಿನ ಚರ್ಮದಿಂದಲೇ ತೆಗೆಯಬಹುದು ಅಂದಿದ್ದಾರೆ. ಆಮೆ ಕೊಟ್ಟವರು ಮಾತ್ರ, ದಿನಾ ನೀರಿನಲ್ಲಿ ಕೂರಿಸಿದರೆ ಕರಗಿಹೋಗುತ್ತದೆ ಎನ್ನುತ್ತಿದ್ದಾರೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಲ್ಲಿ ಆಮೆ ಸಾಕಿದವರಿಗೆ ಇದರ ಮೇಲೆ ಇನ್ನೊಂದು ತಲೆಬಿಸಿ: ಮಂಗಳೂರಿಗೆ ಹೋಗುವುದೋ, ತ್ರಿಶೂರಿನ ಮಣ್ಣುತ್ತಿಗೋ, ಬೆಂಗಳೂರಿಗೋ?

ಚಿಪ್ಪು ಕೊಯ್ಯಬೇಕೇ ಬೇಡವೇ ಎಂಬಲ್ಲಿಂದ ಯೋಚನೆ ಶುರುಮಾಡಿದರೆ ದಾರಿ ತಪ್ಪುತ್ತದೆ. ಚಿಪ್ಪಿನ ಭಯಕ್ಕೆ ಚಿಕ್ಕ ಕಿಂಡಿ ಆರಿಸಿಕೊಂಡು, ಅದರಿಂದ ಹೊರಬರದ ಕಲ್ಲನ್ನು ಎಳೆದಾಡಿ ಮೂತ್ರಕೋಶ ಹರಿದುಕೊಂಡ ಆಮೆಗಳಿವೆ. ಮೊದಲು ನೋಡಬೇಕಾದದ್ದು ಕಲ್ಲಿನ ಅಳತೆ, ಆಮೆಯ ಕಿಡ್ನಿಯ ಸ್ಥಿತಿ ಮತ್ತು ಕತ್ತಿ ಹಿಡಿಯುವವರಿಗೆ ಆಮೆಯ ಮೇಲಿರುವ ಅಭ್ಯಾಸ. ದಾರಿ ಯಾವುದು ಎಂಬುದನ್ನು ಈ ಮೂರೇ ಹೇಳುತ್ತವೆ.

ಕಾನೂನಿನ ಮಾತು ಮೊದಲು. ನಕ್ಷತ್ರ ಆಮೆ 2022ರ ತಿದ್ದುಪಡಿಯ ನಂತರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಮನೆಯಲ್ಲಿ ಸಾಕುವ ಹಾಗಿಲ್ಲ. ಅನಂತಪುರ, ಚಿತ್ತೂರು ಕಡೆಯ ಹೊಲಗಳಲ್ಲಿ ಸಿಕ್ಕಿದ ನಕ್ಷತ್ರ ಆಮೆ ಕಾಯಿಲೆ ಬಿದ್ದಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಿ, ಚಿಕಿತ್ಸೆಯನ್ನು ಅವರೇ ಮಾಡಿಸಬೇಕು. ಇಲ್ಲಿ ಹೇಳುವುದೆಲ್ಲ ಆಫ್ರಿಕಾದ ಸಲ್ಕಾಟಾ, ದಕ್ಷಿಣ ಅಮೆರಿಕದ ಕೆಂಪುಕಾಲಿನ ಆಮೆಯಂಥ ವಿದೇಶಿ ನೆಲದಾಮೆಗಳ ಬಗ್ಗೆ. ಇವನ್ನು ಸಾಕುವವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕು. ಜಿಲ್ಲೆ, ರಾಜ್ಯ ದಾಟಿ ಆಸ್ಪತ್ರೆಗೆ ಒಯ್ಯುವಾಗ ಆ ಕಾಗದದ ಪ್ರತಿ ಜೊತೆಗಿರಲಿ. ಕೇರಳ-ಕರ್ನಾಟಕ ಗಡಿಯ ತಲಪಾಡಿ ಚೆಕ್‌ಪೋಸ್ಟಿನಲ್ಲಿ ಕೇಳಿದರೆ ತೋರಿಸಲು ಅದೇ ಬೇಕು.

ಕಲ್ಲು ಏಕೆ ಆಗುತ್ತದೆ, ಏಕೆ ಕರಗುವುದಿಲ್ಲ

ನೆಲದಾಮೆ ನೀರು ಉಳಿಸುವ ಪ್ರಾಣಿ. ದೇಹದ ಸಾರಜನಕದ ಕಸವನ್ನು ಅದು ಹೆಚ್ಚಾಗಿ ಯೂರಿಕ್ ಆಮ್ಲವಾಗಿ, ಅಂದರೆ ಬಿಳಿ ಲೋಳೆಯಾಗಿ ಹೊರಹಾಕುತ್ತದೆ. ಅದರ ಮೂತ್ರಕೋಶ ದೊಡ್ಡದು, ಎರಡು ಭಾಗವಾಗಿ ಹರಡಿಕೊಂಡಿರುವುದು, ಗೋಡೆ ತೀರಾ ತೆಳು. ನೀರು ಕಡಿಮೆಯಾದಾಗ ಆಮೆ ಮೂತ್ರವನ್ನು ತಡೆಹಿಡಿದು ಅದರಿಂದಲೇ ನೀರು ಹೀರಿಕೊಳ್ಳುತ್ತದೆ. ಉಳಿದ ಯೂರೇಟ್ (ಆ ಯೂರಿಕ್ ಆಮ್ಲದ ಲವಣ) ಗಟ್ಟಿಯಾಗುತ್ತಾ, ಪದರದ ಮೇಲೆ ಪದರ ಕೂಡುತ್ತಾ ಕಲ್ಲಾಗುತ್ತದೆ. ಕಾಸರಗೋಡಿನಂಥ ಮಳೆಯ ನಾಡಿನಲ್ಲೂ ಇದು ಆಗುತ್ತದೆ, ಏಕೆಂದರೆ ಆಮೆ ಇರುವುದು ತೋಟದಲ್ಲಲ್ಲ, ಟೈಲ್ಸ್ ಹಾಕಿದ ಜಗಲಿಯಲ್ಲಿ. ನೆನೆಯಲು ನೀರಿಲ್ಲ, ತಿನ್ನಲು ಬೆಕ್ಕಿನ ಆಹಾರ, ಅನ್ನ, ಮೊಟ್ಟೆ. ಪ್ರೋಟೀನು ಹೆಚ್ಚಾದಷ್ಟೂ ಯೂರಿಕ್ ಆಮ್ಲ ಹೆಚ್ಚು. ಸೊಲ್ಲಾಪುರ, ಅನಂತಪುರದ ಬೇಸಿಗೆಯಲ್ಲಿ ಬರೀ ಒಣಹವೆಯೇ ಅರ್ಧ ಕೆಲಸ ಮಾಡುತ್ತದೆ. ಬೋರ್‌ವೆಲ್ ನೀರು ಗಡಸು ಎಂಬ ಕಾರಣಕ್ಕೆ ಕಲ್ಲಾಯಿತು ಎಂದು ಹಲವರು ನಂಬುತ್ತಾರೆ. ಯೂರೇಟ್ ಕಲ್ಲಿಗೂ ನೀರಿನ ಗಡಸುತನಕ್ಕೂ ಅಂಥ ನಂಟಿಲ್ಲ. ಗಡಸು ನೀರಾದರೂ ಸರಿ, ಕುಡಿಯಲು ಸಿಕ್ಕುವುದೇ ಮುಖ್ಯ.

ಒಮ್ಮೆ ಗಟ್ಟಿಯಾದ ಕಲ್ಲನ್ನು ಕರಗಿಸುವ ಔಷಧ ಆಮೆಗಳಿಗೆ ಇಲ್ಲ. ಅಲೊಪ್ಯೂರಿನಾಲ್ ಯೂರಿಕ್ ಆಮ್ಲದ ಉತ್ಪತ್ತಿಯನ್ನು ತಗ್ಗಿಸುತ್ತದೆ, ಆದ ಕಲ್ಲನ್ನು ಕರಗಿಸುವುದಿಲ್ಲ. ನೆನೆಸುವುದರಿಂದ ಕೆಸರಿನಂತಿರುವ ಯೂರೇಟ್ ಹೊರಹೋಗುತ್ತದೆ, ಕಲ್ಲು ಇದ್ದಲ್ಲೇ ಇರುತ್ತದೆ.

ದಾರಿ ಆರಿಸುವ ಮುನ್ನ ಕೈಯಲ್ಲಿರಬೇಕಾದ ಮಾಹಿತಿ

ಮೇಲಿನಿಂದ ತೆಗೆದ ಎಕ್ಸ್‌ರೇ ಬೇಕು. ಪಕ್ಕದಿಂದ ತೆಗೆದದ್ದೂ ಇದ್ದರೆ ಒಳ್ಳೆಯದು. ತೆಗೆಯುವಾಗ ಚಿಪ್ಪಿನ ಪಕ್ಕ ಅಳತೆ ಗೊತ್ತಿರುವ ಲೋಹದ ವಸ್ತು, ಒಂದು ನಾಣ್ಯವಾದರೂ ಇಡಲು ಹೇಳಿ. ಫೋನಿಗೆ ಕಳಿಸಿದ ಎಕ್ಸ್‌ರೇ ಚಿತ್ರದಲ್ಲಿ ಅಳತೆ ಹಿಡಿಯಲು ಬೇರೆ ದಾರಿ ಇರುವುದಿಲ್ಲ. ಚಿತ್ರದಲ್ಲಿ ಎರಡು ಅಗಲಗಳನ್ನು ಅಳೆಯಬೇಕು: ಕಲ್ಲಿನ ಅತಿ ಅಗಲದ ಜಾಗ ಮತ್ತು ಸೊಂಟದ ಎಲುಬುಗಳ ನಡುವಿನ ಕಿಂಡಿ. ಆಮೆಯಲ್ಲಿ ಕಲ್ಲು ಸಾಮಾನ್ಯವಾಗಿ ಒಂದೇ ಇರುತ್ತದೆ, ಆದರೂ ಎಣಿಸಿ. ಕೆಲವು ಯೂರೇಟ್ ಕಲ್ಲುಗಳು ಎಕ್ಸ್‌ರೇಯಲ್ಲಿ ಮಸುಕಾಗಿ ಕಾಣುತ್ತವೆ. ಅನುಮಾನವಿದ್ದರೆ ಹಿಂಗಾಲಿನ ಮುಂದಿನ ಮೆತ್ತನೆಯ ಕುಳಿಯಿಂದ ಅಲ್ಟ್ರಾಸೌಂಡ್ ಮಾಡಬಹುದು. ಅದೇ ಕುಳಿಯಲ್ಲಿ ಬೆರಳಿಟ್ಟು ಆಮೆಯನ್ನು ಮೆಲ್ಲಗೆ ಆ ಪಕ್ಕ ಈ ಪಕ್ಕ ವಾಲಿಸಿದರೆ ದೊಡ್ಡ ಕಲ್ಲು ಬೆರಳಿಗೆ ಬಂದು ತಾಗುವುದೂ ಉಂಟು.

ಹೆಣ್ಣಾದರೆ ಮೊಟ್ಟೆ ಇದೆಯೇ ಎಂದು ಅದೇ ಚಿತ್ರದಲ್ಲಿ ನೋಡಿಸಿ. ಕಲ್ಲು ದಾರಿ ಕಟ್ಟಿ ಮೊಟ್ಟೆ ಸಿಕ್ಕಿಕೊಂಡಿರಬಹುದು. ಮೊಟ್ಟೆಯೇ ತಪ್ಪಿ ಮೂತ್ರಕೋಶಕ್ಕೆ ಹೋಗಿ, ಅದರ ಸುತ್ತ ಯೂರೇಟ್ ಕಟ್ಟಿ ಕಲ್ಲಾಗಿರಲೂಬಹುದು. ಎರಡನ್ನೂ ತೆಗೆಯಬೇಕಾದಾಗ ಚಿಕ್ಕ ಕಿಂಡಿಯ ದಾರಿಗಳು ಸಾಲುವುದು ಕಷ್ಟ.

ರಕ್ತಪರೀಕ್ಷೆಯಲ್ಲಿ ಯೂರಿಕ್ ಆಮ್ಲ, ಪೊಟ್ಯಾಶಿಯಂ, ಕ್ಯಾಲ್ಶಿಯಂ, ರಂಜಕ ಮತ್ತು ರಕ್ತದ ಸಾಂದ್ರತೆ ನೋಡಬೇಕು. ಒಂದೇ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಬೇಡಿ. ಆಮೆಗೆ ನೀರು ಸೇರಿಸಿ ಕೆಲವು ದಿನಗಳ ನಂತರ ಇನ್ನೊಮ್ಮೆ ಮಾಡಿದಾಗ ಯೂರಿಕ್ ಆಮ್ಲ ಇಳಿದಿದ್ದರೆ, ಮೊದಲು ಏರಿದ್ದು ನೀರಿನ ಕೊರತೆಯಿಂದ. ಇಳಿಯದೆ, ಪೊಟ್ಯಾಶಿಯಮ್ಮೂ ಏರಿದ್ದರೆ ಕಿಡ್ನಿಗೇ ಪೆಟ್ಟಾಗಿದೆ ಎಂದು ಅನುಮಾನಿಸಬೇಕು. ಅಂಥ ಆಮೆಗೆ ಎಷ್ಟು ಚೆಂದದ ಸರ್ಜರಿಯಾದರೂ ಏಳುವುದು ಕಷ್ಟ. ಹಣದ ಮಾತು ಬರುವ ಮುಂಚೆ ಈ ಎರಡನೇ ಪರೀಕ್ಷೆಯ ಫಲ ಕೈಗೆ ಬರಲಿ.

ತೂಕದ ವಿಷಯದಲ್ಲಿ ಮೋಸಹೋಗಬೇಡಿ. ಆಮೆ ತೂಕ ಕಳೆದುಕೊಂಡಿಲ್ಲ, ಚೆನ್ನಾಗಿದೆ ಎನ್ನುತ್ತೀರಿ. ಆದರೆ ಮೈ ಇಳಿದಷ್ಟೇ ಕಲ್ಲು ಬೆಳೆದಿರಬಹುದು. ಸರ್ಜರಿಯ ನಂತರ ಕಲ್ಲನ್ನು ತೂಗಿ ಆ ಗ್ರಾಂಗಳನ್ನು ಕಳೆಯಿರಿ. ಆಗ ಸಿಗುವುದೇ ಆಮೆಯ ನಿಜವಾದ ತೂಕ, ಮುಂದಿನ ಲೆಕ್ಕವೆಲ್ಲ ಅಲ್ಲಿಂದ.

ಕಾದು ನೋಡುವುದು

ಬೇರೆ ಕಾರಣಕ್ಕೆ ತೆಗೆದ ಎಕ್ಸ್‌ರೇಯಲ್ಲಿ ಅಕಸ್ಮಾತ್ ಕಂಡ ಚಿಕ್ಕ ಕಲ್ಲು. ಸೊಂಟದ ಕಿಂಡಿಗಿಂತ ಸ್ಪಷ್ಟವಾಗಿ ಸಣ್ಣದು. ಆಮೆ ತಿನ್ನುತ್ತಿದೆ, ನಡೆಯುತ್ತಿದೆ, ತಿಣುಕುತ್ತಿಲ್ಲ. ಇಷ್ಟೂ ಸೇರಿದಾಗ ಮಾತ್ರ ಕಾಯಬಹುದು. ದಿನಕ್ಕೊಮ್ಮೆ 28ರಿಂದ 30 ಡಿಗ್ರಿ ಬೆಚ್ಚಗಿನ ನೀರಿನಲ್ಲಿ, ಗಲ್ಲ ಮುಳುಗದಷ್ಟು ಆಳದಲ್ಲಿ, 20ರಿಂದ 30 ನಿಮಿಷ ಕೂರಿಸಿ. ಆರರಿಂದ ಎಂಟು ವಾರಕ್ಕೆ ಮತ್ತೆ ಎಕ್ಸ್‌ರೇ. ಸಣ್ಣ ಕಲ್ಲು ತಾನಾಗಿ ಹೊರಬಿದ್ದರೆ ಅದೃಷ್ಟ. ಬೆಳೆದಿದ್ದರೆ ಕಾಯುವುದು ಅಲ್ಲಿಗೆ ಮುಗಿಯಿತು.

ಕಾಯುವುದರ ಬೆಲೆಯೂ ಗೊತ್ತಿರಲಿ. ಇಂದು ಚಿಕ್ಕ ಕಿಂಡಿಯಿಂದ ಬರುವ ಕಲ್ಲು ಮುಂದಿನ ವರ್ಷ ಚಿಪ್ಪು ಕೊಯ್ದೇ ಬರಬೇಕಾಗುತ್ತದೆ. ಹಿಂಗಾಲು ಎಳೆಯುವುದು, ಹಿಂದಿನ ದ್ವಾರದಿಂದ ಕೆಂಪು ಮಾಂಸ ಹೊರಬರುವುದು, ರಕ್ತ, ದಿನಗಟ್ಟಲೆ ಮಲಮೂತ್ರ ಇಲ್ಲದಿರುವುದು: ಇವುಗಳಲ್ಲಿ ಯಾವುದು ಕಂಡರೂ ಮನೆಯಲ್ಲಿ ನೆನೆಸುತ್ತಾ ಕೂರಬೇಡಿ.

ಹಿಂದಿನ ದ್ವಾರದಿಂದ ತೆಗೆಯುವುದು

ಆಮೆಗೆ ಮಲ, ಮೂತ್ರ, ಮೊಟ್ಟೆ ಎಲ್ಲಕ್ಕೂ ಹಿಂದೆ ಒಂದೇ ದ್ವಾರ. ಕಲ್ಲು ಮೂತ್ರಕೋಶದಿಂದ ಹೊರಟು ಆ ದ್ವಾರದ ಒಳಕೋಣೆಯಲ್ಲಿ ಸಿಕ್ಕಿಕೊಂಡಿದ್ದರೆ, ಇಲ್ಲವೇ ಮೂತ್ರಕೋಶದ ಕುತ್ತಿಗೆಯಲ್ಲೇ ಇದ್ದರೆ ಕತ್ತಿ ತಾಗಿಸದೆ ತೆಗೆಯಬಹುದು. ಅರಿವಳಿಕೆ ಕೊಟ್ಟು, ಬಾಲದ ಬುಡದಲ್ಲಿ ಮರಗಟ್ಟಿಸುವ ಲಿಡೊಕೇನ್ ಚುಚ್ಚಿ ಆ ಭಾಗ ಸಡಿಲಿಸಿ, ಬೆಚ್ಚಗಿನ ಸಲೈನ್ ಬಿಡುತ್ತಾ ಎಂಡೋಸ್ಕೋಪಿನಲ್ಲಿ (ಒಳಗೆ ತೂರಿಸುವ ಕ್ಯಾಮೆರಾ ನಳಿಗೆ) ನೋಡಿಕೊಂಡು, ಚಿಮಟದಿಂದ ಕಲ್ಲನ್ನು ಪದರ ಪದರವಾಗಿ ಒಡೆದು ಹೊರತೆಗೆಯುತ್ತಾರೆ.

ಖರ್ಚು ಕಡಿಮೆ, ಗಾಯವಿಲ್ಲ, ಕೆಲವೇ ದಿನಗಳಲ್ಲಿ ಮಾಮೂಲಿಗೆ ಬರುತ್ತದೆ. ಆದರೆ ಕಲ್ಲು ಸರಿಯಾದ ಜಾಗದಲ್ಲಿದ್ದರೆ ಮಾತ್ರ. ಮೂತ್ರಕೋಶದೊಳಗೆ ಆರಾಮವಾಗಿ ಮಲಗಿರುವ ದೊಡ್ಡ ಕಲ್ಲನ್ನು ಈ ದಾರಿಯಲ್ಲಿ ಹಿಡಿಯಲು ಹೋದಾಗಲೇ ಒಳಗೋಡೆ ಹರಿಯುವುದು. ಒಂದೇ ಸಲಕ್ಕೆ ಮುಗಿಯದೆ ಎರಡು ಮೂರು ಬಾರಿ ಅರಿವಳಿಕೆ ಕೊಡಬೇಕಾದರೆ ಕಡಿಮೆ ಖರ್ಚು ಎಂಬ ಲಾಭವೂ ಹೋಗುತ್ತದೆ. ಮುಗಿದ ಮೇಲೆ ಅದೇ ದಿನ ಎಕ್ಸ್‌ರೇ ತೆಗೆಸಿ. ಉಳಿದ ಚೂರು ಮುಂದಿನ ಕಲ್ಲಿಗೆ ಬೀಜ.

ಹಿಂಗಾಲಿನ ಮುಂದಿನ ಕುಳಿಯಿಂದ

ಹಿಂಗಾಲನ್ನು ಹಿಂದಕ್ಕೆ ಎಳೆದು ಹಿಡಿದರೆ ಮೇಲಿನ ಚಿಪ್ಪು, ಹೊಟ್ಟೆಯ ಚಿಪ್ಪು ಮತ್ತು ತೊಡೆಯ ನಡುವೆ ಬರೀ ಚರ್ಮ ಇರುವ ಜಾಗ ಕಾಣುತ್ತದೆ. ಅಲ್ಲಿ ಚರ್ಮ, ಅದರಡಿಯ ಕೊಬ್ಬು, ತೆಳುವಾದ ಹೊಟ್ಟೆಯ ಸ್ನಾಯು, ಕೊನೆಗೆ ಒಳಪೊರೆ. ಇಷ್ಟನ್ನು ಬಿಡಿಸಿದರೆ ಮೂತ್ರಕೋಶ ಸಿಗುತ್ತದೆ. ಅದರ ಮೂತ್ರ ಹೀರಿ ತೆಗೆದು, ಗೋಡೆಗೆ ಎರಡು ಮೂರು ಹಿಡಿತದ ಹೊಲಿಗೆ ಹಾಕಿ ಗಾಯದ ಬಾಯಿಗೆ ಎಳೆದು ನಿಲ್ಲಿಸುತ್ತಾರೆ. ಕೆಲವರು ಮೂತ್ರಕೋಶದ ಅಂಚನ್ನು ಚರ್ಮಕ್ಕೆ ತಾತ್ಕಾಲಿಕವಾಗಿ ಹೊಲಿದೇಬಿಡುತ್ತಾರೆ. ಇದು ಅತಿಯಾದ ಜಾಗ್ರತೆ ಅಲ್ಲ. ಆಮೆಯ ಮೂತ್ರ ಮಲವೂ ಹಾಯುವ ಒಳಕೋಣೆಯಿಂದ ಮೂತ್ರಕೋಶಕ್ಕೆ ಬರುವುದರಿಂದ ಅದರಲ್ಲಿ ಕ್ರಿಮಿಗಳು ಇದ್ದೇ ಇರುತ್ತವೆ. ಹೊಟ್ಟೆಯೊಳಗೆ ಚೆಲ್ಲಿದರೆ ಸೋಂಕು.

ಇಲ್ಲಿಂದ ಮುಂದೆ ಎಲ್ಲವೂ ಅಳತೆಯ ಪ್ರಶ್ನೆ. ಕಲ್ಲು ಕುಳಿಯ ಬಾಯಿಗಿಂತ ಚಿಕ್ಕದಾದರೆ ಇಡಿಯಾಗಿ ಬರುತ್ತದೆ. ಸ್ವಲ್ಪ ದೊಡ್ಡದಾದರೆ ಮೂತ್ರಕೋಶದ ಒಳಗೇ ಒಡೆದು, ಚೂರುಗಳನ್ನು ತೆಗೆದು, ಪುಡಿಯನ್ನು ಸಲೈನಿನಲ್ಲಿ ತೊಳೆದು ಹೀರಬೇಕು. ಆಗ ಎಂಡೋಸ್ಕೋಪ್ ಇಲ್ಲದಿದ್ದರೆ ಮೂತ್ರಕೋಶದ ಎರಡನೇ ಭಾಗದ ಮೂಲೆಯಲ್ಲಿ ಚೂರು ಉಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ತೀರಾ ದೊಡ್ಡದಾದರೆ ಈ ದಾರಿ ಬಿಡಬೇಕು. ನೆಲದಾಮೆಗಳಲ್ಲಿ ಈ ಕುಳಿ ನೀರಾಮೆಗಳಷ್ಟು ಅಗಲ ಇರುವುದಿಲ್ಲ. ಅಂಗೈಯಗಲದ ಮರಿಯಲ್ಲಿ ಒಂದು ಬೆರಳೂ ಹಿಡಿಯದು, ದೊಡ್ಡ ಸಲ್ಕಾಟಾದಲ್ಲಿ ಕೈ ತೂರುವಷ್ಟು ಜಾಗ ಸಿಗಬಹುದು.

ಲಾಭ ಏನೆಂದರೆ ಎಲುಬು ಮುರಿಯುವ ಮಾತಿಲ್ಲ, ನೋವು ಕಡಿಮೆ, ಆಮೆ ಬೇಗ ಮೇವು ಹಿಡಿಯುತ್ತದೆ. ಚರ್ಮದ ಹೊಲಿಗೆ ಮಾತ್ರ ನಾಯಿಯಂತೆ ಹತ್ತು ದಿನಕ್ಕೆ ಬಿಚ್ಚುವುದಲ್ಲ. ಸರೀಸೃಪದ ಚರ್ಮ ನಿಧಾನವಾಗಿ ಕೂಡುವುದರಿಂದ ಸುಮಾರು ಆರು ವಾರ ಇಡಬೇಕು. ಕಾಲು ಆಡಿಸಿದಾಗಲೆಲ್ಲ ಆ ಜಾಗ ಎಳೆಯುತ್ತದೆ, ಹಾಗಾಗಿ ಓಡಾಟಕ್ಕೆ ಚಿಕ್ಕ ಜಾಗವೇ ಸಾಕು.

ಹೊಟ್ಟೆಯ ಚಿಪ್ಪು ಕೊಯ್ದು

ಎಲ್ಲರೂ ಹೆದರುವ ದಾರಿ ಇದೇ. ದೊಡ್ಡ ಕಲ್ಲಿಗೆ ಇಂದಿಗೂ ನಂಬಬಹುದಾದ ದಾರಿಯೂ ಇದೇ. ಒಳಗಿನದೆಲ್ಲ ಕಣ್ಣಿಗೆ ಕಾಣುತ್ತದೆ, ಕಲ್ಲು ಒಡೆಯದೆ ಇಡಿಯಾಗಿ ಬರುತ್ತದೆ, ಮೊಟ್ಟೆ ಇದ್ದರೆ ಅದನ್ನೂ ತೆಗೆಯಬಹುದು, ಹಳೆಯ ಕಲ್ಲಿಗೆ ಅಂಟಿಕೊಂಡ ದಪ್ಪಗೋಡೆಯನ್ನು ನೋಡಿಕೊಂಡು ಬಿಡಿಸಬಹುದು.

ಆಮೆಯ ಹೊಟ್ಟೆಯ ಚಿಪ್ಪಿನಲ್ಲಿ ಮುಂದಿನಿಂದ ಎಣಿಸಿದರೆ ಆರು ಜೊತೆ ಫಲಕಗಳು. ಕಿಂಡಿ ಬೀಳುವುದು ನಾಲ್ಕನೇ ಮತ್ತು ಐದನೇ ಜೊತೆಯ ಮೇಲೆ. ಅದಕ್ಕಿಂತ ಮುಂದೆ ಹೋದರೆ ಹೃದಯ, ಹಿಂದೆ ಹೋದರೆ ಸೊಂಟದ ಎಲುಬು. ಎಕ್ಸ್‌ರೇ ನೋಡಿ ಕಿಂಡಿಯ ಗಡಿಯನ್ನು ಚಿಪ್ಪಿನ ಮೇಲೆ ಮಾರ್ಕರಿನಲ್ಲಿ ಬರೆದುಕೊಂಡೇ ಶುರುಮಾಡಬೇಕು. ಕೊಯ್ಯುವುದು ಅತ್ತಿತ್ತ ಅಲುಗುವ ಎಲುಬಿನ ಗರಗಸದಿಂದ ಅಥವಾ ವೇಗವಾಗಿ ತಿರುಗುವ ಚಿಕ್ಕ ಬಿಲ್ಲೆಯಿಂದ. ಬಿಲ್ಲೆಯ ಬಿಸಿಗೆ ಅಂಚಿನ ಎಲುಬು ಸಾಯುತ್ತದೆ. ಅದಕ್ಕೇ ಕೊಯ್ಯುವಷ್ಟು ಹೊತ್ತೂ ತಣ್ಣನೆಯ ಸಲೈನ್ ಹನಿಸುತ್ತಿರಬೇಕು. ಅಂಚು ನೇರ ಕೊಯ್ಯದೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಕೊಯ್ಯಬೇಕು. ಕಲ್ಲಂಗಡಿ ಮಾರುವವರು ಹಣ್ಣಾಗಿದೆಯೇ ತೋರಿಸಲು ಕೊಯ್ಯುವ ಓರೆ ತುಂಡು ಮತ್ತೆ ಇಟ್ಟಾಗ ಒಳಗೆ ಬೀಳದೆ ಕೂರುತ್ತದಲ್ಲ, ಅದೇ ಲೆಕ್ಕ. ಮೂರು ಬದಿ ಪೂರ್ತಿ ಕೊಯ್ದು, ನಾಲ್ಕನೆಯ ಬದಿಯನ್ನು ಅರ್ಧ ಕೊಯ್ದು ಸ್ನಾಯುವಿನ ಜೊತೆಗೇ ಮೇಲೆತ್ತಿದರೆ ಆ ತುಂಡಿಗೆ ರಕ್ತ ಹರಿಯುತ್ತಿರುತ್ತದೆ. ಪೂರ್ತಿ ಬಿಡಿಸಿ ತೆಗೆದ ತುಂಡಿಗಿಂತ ಅದು ಚೆನ್ನಾಗಿ ಕೂಡುತ್ತದೆ. ಹೊರಗಿರುವಷ್ಟು ಹೊತ್ತು ಅದನ್ನು ಒದ್ದೆ ಗಾಜ್‌ನಲ್ಲಿ ಮುಚ್ಚಿಡಬೇಕು.

ತುಂಡು ಎತ್ತಿದ ಕೂಡಲೇ ಒಳಪೊರೆಯಲ್ಲಿ ನಡುಗೆರೆಯ ಎರಡೂ ಪಕ್ಕ ಉದ್ದಕ್ಕೆ ಸಾಗುವ ಎರಡು ದಪ್ಪ ರಕ್ತನಾಳಗಳು ಕಾಣುತ್ತವೆ. ಅವುಗಳ ನಡುವೆ ಪೊರೆಯನ್ನು ಬಿಡಿಸಬೇಕು. ತೆಳು ಮೂತ್ರಕೋಶವನ್ನು ಹಿಡಿತದ ಹೊಲಿಗೆಯಿಂದ ಹೊರಗೆಳೆದು, ಸುತ್ತ ಒದ್ದೆ ಬಟ್ಟೆ ತುಂಬಿ, ಕೊಯ್ದು ಕಲ್ಲು ತೆಗೆದು, ಒಳಗನ್ನು ತೊಳೆದು, ಕರಗುವ ಒಂಟಿ ಎಳೆಯ ನೂಲಿನಿಂದ ಅಂಚು ಒಳಮಡಚುವಂತೆ ಎರಡು ಪದರ ಹೊಲಿಯುತ್ತಾರೆ. ಚಿಕ್ಕ, ಮಧ್ಯಮ ಆಮೆಗೆ 4-0 ಅಥವಾ 5-0 ಅಳತೆಯ ಸಪೂರ ನೂಲು. ಸಲೈನ್ ತುಂಬಿ ಸೋರುತ್ತದೆಯೇ ನೋಡಿದ ಮೇಲೆಯೇ ಪೊರೆ ಮುಚ್ಚುವುದು.

ಚಿಪ್ಪಿನ ತುಂಡನ್ನು ಮೊದಲಿನಂತೆ ಕೂರಿಸಿ ಮೇಲೆ ಫೈಬರ್‌ಗ್ಲಾಸ್ ಬಟ್ಟೆ ಮತ್ತು ಎಪಾಕ್ಸಿ ಅಂಟಿನ ತೇಪೆ. ಹೆಚ್ಚು ಸರ್ಜರಿಗಳು ಕೆಡುವ ಜಾಗ ಇದು. ಎಪಾಕ್ಸಿ ಕೊಯ್ದ ಸಂದಿಗೆ ಇಳಿದರೆ ಎರಡು ಅಂಚುಗಳ ನಡುವೆ ಗೋಡೆಯಾಗಿ ನಿಂತು ಎಲುಬು ಕೂಡುವುದೇ ಇಲ್ಲ. ಒಮ್ಮೆಗೇ ದಪ್ಪ ಬಳಿದರೆ ಗಟ್ಟಿಯಾಗುವಾಗಿನ ಬಿಸಿ ಎಲುಬನ್ನು ಸುಡುತ್ತದೆ. ತೆಳುವಾಗಿ, ಒಂದೊಂದೇ ಪದರ. ಮನೆಯಲ್ಲಿ ಅಂಚು ಬಿಟ್ಟುಕೊಂಡದ್ದು ಕಂಡರೆ ಎಂ-ಸೀಲ್, ಫೆವಿಕ್ವಿಕ್ ಏನನ್ನೂ ಹಚ್ಚಬೇಡಿ. ಒಳಗೆ ಕೀವು ಮುಚ್ಚಿಕೊಂಡರೆ ಹೊರಗೆ ಗೊತ್ತಾಗುವಾಗ ತಡವಾಗಿರುತ್ತದೆ. ಚಿಪ್ಪಿನ ತುಂಡು ಒಣಗಿ ಬಣ್ಣ ಕೆಟ್ಟು, ಒತ್ತಿದರೆ ಅಲುಗಿ, ವಾಸನೆ ಬಂದರೆ ಆ ತುಂಡು ಸತ್ತಿದೆ ಎಂದೇ ಅರ್ಥ. ಆಗ ಅದನ್ನು ತೆಗೆದು ತೆರೆದ ಗಾಯವಾಗಿ ಡ್ರೆಸ್ಸಿಂಗ್ ಮಾಡಬೇಕಾಗುತ್ತದೆ, ಅದು ತಿಂಗಳುಗಳ ಕೆಲಸ.

ಎಲುಬು ಪೂರ್ತಿ ಕೂಡಲು ಹಲವು ತಿಂಗಳು, ದೊಡ್ಡ ಆಮೆಗಳಲ್ಲಿ ಒಂದು ವರ್ಷ ದಾಟುವುದೂ ಸಾಮಾನ್ಯ. ಆಮೆ ಅಷ್ಟು ದಿನ ಮಲಗಿರುತ್ತದೆ ಎಂದಲ್ಲ. ತೇಪೆಯ ಜೊತೆಗೇ ನಡೆದು ತಿಂದು ಇರುತ್ತದೆ. ಬೆಳೆಯುವ ಮರಿಗೆ ಮಾತ್ರ ತೇಪೆಯನ್ನು ಫಲಕಗಳ ಗೆರೆಯ ಮೇಲೆ ಬೇಗ ಸೀಳಿ ಬಿಡಬೇಕು, ಇಲ್ಲದಿದ್ದರೆ ಚಿಪ್ಪು ವಕ್ರ ಬೆಳೆಯುತ್ತದೆ.

ಅರಿವಳಿಕೆ: ಆಸ್ಪತ್ರೆ ಆರಿಸಲು ಇದೇ ಒರೆಗಲ್ಲು

ಕುಳಿಯದಾಗಲಿ ಚಿಪ್ಪಿನದಾಗಲಿ, ಎರಡೂ ಸರ್ಜರಿಗೆ ಅರಿವಳಿಕೆ ಕೊಡುವ ಬಗೆ ಒಂದೇ, ಅಪಾಯವೂ ಹೆಚ್ಚು ಕಡಿಮೆ ಒಂದೇ. ಫೋನ್ ಮಾಡಿದಾಗ ಕೇಳಬೇಕಾದ ಪ್ರಶ್ನೆಗಳು ಇವು. ಉಸಿರಿನ ಟ್ಯೂಬ್ ಹಾಕುತ್ತೀರಾ? ಅರಿವಳಿಕೆಯಲ್ಲಿ ಆಮೆ ತಾನಾಗಿ ಉಸಿರಾಡುವುದನ್ನು ನಿಲ್ಲಿಸುತ್ತದೆ, ನಿಮಿಷಕ್ಕೆ ನಾಲ್ಕರಿಂದ ಆರು ಬಾರಿ ಯಂತ್ರವೋ ಕೈಯೋ ಉಸಿರು ಕೊಡಬೇಕು. ಟ್ಯೂಬ್ ಬಲೂನಿಲ್ಲದ್ದೇ? ಆಮೆಯ ಶ್ವಾಸನಾಳ ಗಟ್ಟಿ ಉಂಗುರಗಳದ್ದು, ಬೇಗ ಕವಲೊಡೆಯುತ್ತದೆ. ಬಲೂನು ಉಬ್ಬಿಸಿದರೆ ಗಾಯ, ಆಳಕ್ಕೆ ತೂರಿಸಿದರೆ ಒಂದೇ ಶ್ವಾಸಕೋಶಕ್ಕೆ ಗಾಳಿ. ಹೃದಯದ ಬಡಿತ ಕೇಳಿಸುವ ಡಾಪ್ಲರ್ ಯಂತ್ರ ಇದೆಯೇ? ಮೈ ಬಿಸಿ 28ರಿಂದ 30 ಡಿಗ್ರಿ ಇಡಲು ಏನು ವ್ಯವಸ್ಥೆ? ನೋವಿಗೆ ಏನು ಕೊಡುತ್ತೀರಿ? ಮಾರ್ಫಿನ್ ಗುಂಪಿನ ಔಷಧ, ಟ್ರಮಡಾಲ್ ಆಮೆಗಳಲ್ಲಿ ಕೆಲಸ ಮಾಡುತ್ತವೆ. ಬ್ಯುಟಾರ್ಫನಾಲ್ ಒಂದನ್ನೇ ನಂಬಿದರೆ ನೋವು ಉಳಿಯುತ್ತದೆ. ಮೆಲಾಕ್ಸಿಕ್ಯಾಂ ಕಿಡ್ನಿ ಸರಿಯಿದ್ದು ನೀರು ತುಂಬಿದ ಆಮೆಗೆ ಮಾತ್ರ.

ಈ ಪ್ರಶ್ನೆಗಳಿಗೆ ಸಲೀಸಾಗಿ ಉತ್ತರಿಸುವ ಡಾಕ್ಟರು ಚಿಪ್ಪು ಕೊಯ್ಯುವ ದಾರಿಯನ್ನೇ ಬಲ್ಲವರಾದರೆ, ನಿಮ್ಮ ಆಮೆಯ ಕಲ್ಲು ಕುಳಿಯಿಂದ ಬರಬಹುದಾದರೂ ಅವರ ಕೈಗೆ ಕೊಡುವುದೇ ಲೇಸು. ಅಭ್ಯಾಸವಿಲ್ಲದ ಕೈಯಲ್ಲಿ ಚಿಕ್ಕ ಕಿಂಡಿ ದೊಡ್ಡ ಕಿಂಡಿಗಿಂತ ಅಪಾಯ.

ಯಾರಿಗೆ ಯಾವುದು

ಕಲ್ಲು ದ್ವಾರದ ಬಳಿ ಸಿಕ್ಕಿಕೊಂಡಿದ್ದು ಸೊಂಟದ ಕಿಂಡಿ ದಾಟಿದ್ದರೆ ಹಿಂದಿನ ದ್ವಾರವೇ ಸರಿ, ಬಜೆಟ್ ಏನೇ ಇರಲಿ. ಕಲ್ಲು ಮೂತ್ರಕೋಶದಲ್ಲಿದ್ದು ಕುಳಿಯ ಬಾಯಿಗೆ ಹಿಡಿಯುವಂತಿದ್ದರೆ, ಎಂಡೋಸ್ಕೋಪ್ ಇರುವ ಕಡೆ ಕುಳಿಯ ದಾರಿ. ಮಳೆಗಾಲದಲ್ಲಿ ಆಮೆಯ ಚಿಪ್ಪಿನ ಗಾಯಕ್ಕೆ ತೇವ ತಾಗದಂತೆ ಮನೆಯೊಳಗೆ ತಿಂಗಳುಗಟ್ಟಲೆ ಇಡಲು ಜಾಗವಿಲ್ಲದವರಿಗೆ ಇದು ಇನ್ನೂ ಅನುಕೂಲ. ಕಲ್ಲು ದೊಡ್ಡದು, ಒಂದಕ್ಕಿಂತ ಹೆಚ್ಚು, ಮೊಟ್ಟೆಯೂ ಇದೆ, ಇಲ್ಲವೇ ಆಮೆ ಚಿಕ್ಕದು: ಆಗ ಚಿಪ್ಪು. ಕಿಡ್ನಿ ಕೆಟ್ಟ ಆಮೆಗೆ, ಎರಡನೇ ರಕ್ತಪರೀಕ್ಷೆಯೂ ಸುಧಾರಿಸದಿದ್ದರೆ, ಸರ್ಜರಿಯೇ ಬೇಡ ಎನ್ನುವ ಡಾಕ್ಟರರ ಮಾತನ್ನು ಗೌರವಿಸಿ. ಅದು ಕೈಚೆಲ್ಲುವ ಮಾತಲ್ಲ.

ಬಿಲ್ಲಿನ ಬಗ್ಗೆ ಒಂದು ಮಾತು. ಎಂಡೋಸ್ಕೋಪ್ ಇರುವ ಖಾಸಗಿ ಆಸ್ಪತ್ರೆಯಲ್ಲಿ ಕುಳಿಯ ದಾರಿ ಮೊದಲ ದಿನ ದುಬಾರಿ, ಆಮೇಲೆ ಖರ್ಚು ಕಡಿಮೆ. ಚಿಪ್ಪಿನ ದಾರಿಗೆ ದುಬಾರಿ ಯಂತ್ರ ಬೇಡ, ಆದರೆ ಹೆಚ್ಚು ಹೊತ್ತಿನ ಅರಿವಳಿಕೆ, ಹೆಚ್ಚು ದಿನದ ಇಂಜೆಕ್ಷನ್, ಎರಡು ಮೂರು ಸಲದ ಪ್ರಯಾಣ ಸೇರುತ್ತದೆ. ಎಸ್ಟಿಮೇಟ್ ಕೇಳುವಾಗ ರಕ್ತಪರೀಕ್ಷೆ ಎರಡು ಬಾರಿ, ಸರ್ಜರಿಗೆ ಮುಂಚಿನ ಡ್ರಿಪ್, ಒಳರೋಗಿಯಾಗಿ ಇರುವ ದಿನಗಳು, ಕೊನೆಯ ಎಕ್ಸ್‌ರೇ ಇವು ಸೇರಿವೆಯೇ ಎಂದು ಕೇಳಿ. ಕಾಲೇಜು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಶುಲ್ಕ ಕಡಿಮೆ, ನೂಲು ಮತ್ತು ಔಷಧವನ್ನು ಹೊರಗಿನಿಂದ ತರಬೇಕಾಗಬಹುದು.

ಕಾಸರಗೋಡಿನವರಿಗೆ ಎಕ್ಸ್‌ರೇ ಮತ್ತು ರಕ್ತಪರೀಕ್ಷೆಗೆ 50 ಕಿ.ಮೀ. ದೂರದ ಮಂಗಳೂರು ಹತ್ತಿರ. ಪಶುವೈದ್ಯಕೀಯ ಕಾಲೇಜು ಬೇಕೆಂದರೆ ತ್ರಿಶೂರಿನ ಮಣ್ಣುತ್ತಿ, ವಯನಾಡಿನ ಪೂಕೋಡು ಅಥವಾ ಬೆಂಗಳೂರಿನ ಹೆಬ್ಬಾಳ. ಹೊಸೂರು, ತಾಳವಾಡಿ, ಮಡಕಶಿರಾದವರಿಗೆ ಹೆಬ್ಬಾಳವೇ ದಾರಿ. ಚೆನ್ನೈನ ವೇಪೇರಿ, ತಿರುಪತಿ ಎರಡನೇ ಆಯ್ಕೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರು ಮುಂಬೈನ ಪರೇಲ್ ಕಾಲೇಜನ್ನು ವಿಚಾರಿಸಬಹುದು. ಎಲ್ಲಿಗಾದರೂ ಹೊರಡುವ ಮೊದಲು ಎಕ್ಸ್‌ರೇ ಕಳಿಸಿ, ಆಮೆಯ ಸರ್ಜರಿ ಮಾಡುವವರು ಆ ದಿನ ಇರುತ್ತಾರೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ತುರ್ತಿಲ್ಲದಿದ್ದರೆ ಕರಾವಳಿಯವರು ಜೂನ್‌ನಿಂದ ಆಗಸ್ಟ್, ಬಯಲಿನವರು ಏಪ್ರಿಲ್ ಮತ್ತು ಮೇ ತಪ್ಪಿಸಿ.

ಮೊದಲು ನೀರು, ಆಮೇಲೆ ಕತ್ತಿ

ದಾರಿ ಪೂರ್ತಿ ಕಟ್ಟಿಲ್ಲದಿದ್ದರೆ ಸರ್ಜರಿಗೆ ಮೂರರಿಂದ ಏಳು ದಿನ ಮುಂಚೆಯೇ ದ್ರವ ಕೊಡಲು ಶುರುಮಾಡಬೇಕು. ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 20 ಮಿ.ಲೀ. ಚರ್ಮದಡಿ ಅಥವಾ ರಕ್ತನಾಳಕ್ಕೆ, ಜೊತೆಗೆ ದಿನವೂ ನೆನೆಸುವುದು. ಮೈಯಲ್ಲಿ ನೀರು ಕಡಿಮೆಯಾದ ಆಮೆಯನ್ನು ನೇರ ಟೇಬಲ್ ಮೇಲೆ ಮಲಗಿಸಿದರೆ ಸರ್ಜರಿ ಗೆದ್ದರೂ ಕಿಡ್ನಿ ಸೋಲುತ್ತದೆ. ಆಂಟಿಬಯಾಟಿಕ್‌ಗಳಲ್ಲಿ ಜೆಂಟಾಮೈಸಿನ್, ಅಮಿಕಾಸಿನ್ ಇಂಥ ಆಮೆಗೆ ಬೇಡ, ಕಿಡ್ನಿಗೆ ಪೆಟ್ಟು. ಸಾಮಾನ್ಯವಾಗಿ ಬಳಸುವ ಸೆಫ್ಟಾಜಿಡಿಮ್ ಕಿಲೋಗೆ 20 ಮಿ.ಗ್ರಾಂ., 72 ಗಂಟೆಗೊಮ್ಮೆ, ಮುಂಗಾಲಿನ ಕಡೆ ಚುಚ್ಚುತ್ತಾರೆ. ದಿನಾ ಕೊಡುವ ಇಂಜೆಕ್ಷನ್ ಅಲ್ಲವಾದ್ದರಿಂದ ಊರಿನ ಮೃಗಾಸ್ಪತ್ರೆಯಲ್ಲೇ ಹಾಕಿಸಿಕೊಳ್ಳಬಹುದು. ಡಿಸ್ಚಾರ್ಜ್ ಚೀಟಿಯಲ್ಲಿ ಎಷ್ಟು ಮಿ.ಲೀ., ಎಷ್ಟು ಗಂಟೆಗೊಮ್ಮೆ, ಯಾವ ತಾರೀಕಿನವರೆಗೆ ಎಂದು ಬರೆಸಿ. ಮಲಯಾಳದಲ್ಲಿ ಬಾಯಲ್ಲಿ ಕೇಳಿ ಬಂದದ್ದು ಮನೆಗೆ ಬರುವಷ್ಟರಲ್ಲಿ ಗೊಂದಲವಾಗುತ್ತದೆ.

ಪ್ರಯಾಣಕ್ಕೆ ಗಾಳಿತೂತಿರುವ ಪ್ಲಾಸ್ಟಿಕ್ ಕ್ರೇಟ್, ತಳಕ್ಕೆ ಟವೆಲ್. ಕಾರಿನ ಏಸಿ ಗಾಳಿ ನೇರ ಬೀಳದಂತೆ ನೋಡಿಕೊಳ್ಳಿ.

ಮನೆಗೆ ಬಂದ ಮೇಲೆ

ಅರಿವಳಿಕೆಯಿಂದ ಪೂರ್ತಿ ಏಳಲು ಕೆಲವು ಗಂಟೆಗಳಿಂದ ಒಂದು ದಿನದವರೆಗೂ ಹಿಡಿಯಬಹುದು. ತಾನಾಗಿ ಉಸಿರಾಡಿ, ತಲೆ ಎತ್ತಿ ಓಡಾಡುವವರೆಗೆ ಆಸ್ಪತ್ರೆಯಲ್ಲೇ ಇರಲಿ. ಮನೆಯಲ್ಲಿ ಹಗಲು ರಾತ್ರಿ 28ರಿಂದ 30 ಡಿಗ್ರಿ. ಕರೆಂಟು ಹೋಗುವ ಊರಾದರೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ತಯಾರಿರಲಿ. ಹಾಸಲು ನ್ಯೂಸ್‌ಪೇಪರ್, ದಿನಕ್ಕೆರಡು ಬಾರಿ ಬದಲಿಸಿ. ನಮ್ಮಲ್ಲಿ ಸುಲಭಕ್ಕೆ ಸಿಗುವ ತೆಂಗಿನ ನಾರಿನ ಪುಡಿ ಈ ಹೊತ್ತಿಗೆ ಬೇಡವೇ ಬೇಡ, ಗಾಯಕ್ಕೆ, ತೇಪೆಯ ಅಂಚಿಗೆ ಅಂಟಿಕೊಂಡು ತೇವ ಹಿಡಿಯುತ್ತದೆ. ನೆನೆಸುವುದನ್ನು ಯಾವಾಗ ಶುರುಮಾಡಬೇಕೆಂದು ಡಾಕ್ಟರನ್ನೇ ಕೇಳಿ. ಅದುವರೆಗೆ ದ್ರವ ಇಂಜೆಕ್ಷನ್ ಮೂಲಕ, ಅಥವಾ ಸರ್ಜರಿಯಲ್ಲೇ ಕುತ್ತಿಗೆಯ ಪಕ್ಕದಿಂದ ಹಾಕಿಸಿಕೊಂಡ ಅನ್ನನಾಳದ ಟ್ಯೂಬಿನ ಮೂಲಕ. ತಿನ್ನದ ಆಮೆಯ ಬಾಯಿ ಬಿಡಿಸಿ ದಿನಾ ತುರುಕುವ ಕಷ್ಟವನ್ನು ಈ ಟ್ಯೂಬ್ ತಪ್ಪಿಸುತ್ತದೆ. ಕೇಳಿ ಹಾಕಿಸಿಕೊಳ್ಳಿ.

ದಿನಾ ಬೆಳಿಗ್ಗೆ ಗ್ರಾಂ ಲೆಕ್ಕದ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹೊರಬಂದ ಬಿಳಿ ಲೋಳೆಯನ್ನು ಗ್ಲೌಸ್ ಹಾಕಿದ ಎರಡು ಬೆರಳ ನಡುವೆ ಉಜ್ಜಿ ನೋಡಿ. ನುಣ್ಣಗೆ ಜಾರಿದರೆ ಸರಿ. ತರಿತರಿ ಸಿಕ್ಕಿದರೆ ನೀರು ಸಾಲುತ್ತಿಲ್ಲ. ಈ ಒಂದು ಅಭ್ಯಾಸ ಜೀವನಪೂರ್ತಿ ಇರಲಿ, ಎಕ್ಸ್‌ರೇಗಿಂತ ಮೊದಲೇ ಇದು ಹೇಳುತ್ತದೆ.

ಯಾವ ದಾರಿಯಲ್ಲಿ ತೆಗೆಸಿದರೂ ಕಾರಣ ಉಳಿದರೆ ಕಲ್ಲು ಮತ್ತೆ ಬರುತ್ತದೆ. ಸಲ್ಕಾಟಾಕ್ಕೆ ಹೆಚ್ಚಿನ ಪಾಲು ಗರಿಕೆ ಮತ್ತು ಬೇರೆ ಹುಲ್ಲು, ಜೊತೆಗೆ ದಾಸವಾಳದ ಎಲೆ ಮತ್ತು ಹೂ, ಕುಂಬಳದ ಎಲೆ. ಬಯಲುಸೀಮೆಯಲ್ಲಿ ಮುಳ್ಳು ಸುಟ್ಟ ಪಾಪಸುಕಳ್ಳಿ ನೀರಿನಂಶಕ್ಕೂ ಒಳ್ಳೆಯದು. ನುಗ್ಗೆಸೊಪ್ಪು ಪ್ರೋಟೀನ್ ಜಾಸ್ತಿಯಾದ್ದರಿಂದ ಅಪರೂಪಕ್ಕೆ. ಪತ್ರೊಡೆಗೆ ತಂದು ಮಿಕ್ಕ ಕೆಸುವಿನ ಎಲೆ ಹಾಕಬೇಡಿ, ಬಾಯಿ ತುರಿಸಿ ಆಮೆ ಮೇವು ಬಿಡುತ್ತದೆ. ಅನ್ನ, ಮೊಳಕೆ ಕಾಳು, ಮೊಟ್ಟೆ, ನಾಯಿ ಬೆಕ್ಕಿನ ಆಹಾರ ಪೂರ್ತಿ ಬಂದ್. ನೆನೆಸುವುದು ವಾರಕ್ಕೆ ಮೂರು ಸಲವಾದರೂ, ಬೇಸಿಗೆಯಲ್ಲಿ ದಿನಾ. ಸರ್ಜರಿಯಾಗಿ ಎರಡು ತಿಂಗಳಾದಾಗ ಒಂದು ಎಕ್ಸ್‌ರೇ, ಆರು ತಿಂಗಳಾದಾಗ ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ಚಿಪ್ಪಿನ ಕಿಂಡಿ ಎಷ್ಟು ಕೂಡಿದೆ ಎಂಬುದೂ ಅದೇ ಎಕ್ಸ್‌ರೇಯಲ್ಲಿ ಕಾಣುತ್ತದೆ, ತೇಪೆ ತೆಗೆಯುವ ದಿನವನ್ನು ಅದನ್ನು ನೋಡಿಯೇ ಗೊತ್ತುಮಾಡಿ.